ಎದ್ದ ಹೆಣಕ್ಕೆ ನಗಬೇಕೋ, ಹೆದರಬೇಕೋ? ಯುರೋಪಿನ ಹಳೇ ಜೊಂಬಿ ಸಿನಿಮಾಗಳ ಜಮಾ-ಖರ್ಚು

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ. ಕೆಲವು ಸಿನಿಮಾಗಳ ಕೊನೆಯ ದೃಶ್ಯಗಳ ಪ್ರಸ್ತಾಪವಿದೆ.)

00:00 | ಎರಡು ವಾಯ್ಸ್ ಮೆಸೇಜ್

ಗೋಕಾಕದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತವರಿಗೆ, ಹಾಸ್ಟೆಲ್ ರೂಮಿನಲ್ಲಿ ಹೊದ್ದುಕೊಂಡು ಕೇಳ್ತಿರೋರಿಗೆ, ರಾತ್ರಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ ಅಂತ ಹೊಲದ ಮೋಟರ್ ಹತ್ತಿರ ಕಾಯ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಹೊಲದಲ್ಲಿ ಒಬ್ಬರೇ ಇರೋರು ಈ ಸಂಚಿಕೆಯನ್ನ ಬೆಳಿಗ್ಗೆ ಕೇಳಿದ್ರೂ ನಡೀತದ. ಆಮೇಲೆ ನನ್ನ ಬೈಬ್ಯಾಡ್ರಿ.

ಕಳೆದ ಸಲ ಒಂದು ಸ್ಪೇನ್ ಸಿನಿಮಾ ನೋಡಿ ಅಂತ ಹೇಳಿದ್ದೆ. ಕಣ್ಣಿಲ್ಲದ ಹೆಣಗಳು ಕುದುರೆ ಹತ್ತಿ ಬರೋ ಸಿನಿಮಾ. ಅದಕ್ಕೆ ಎರಡು ವಾಯ್ಸ್ ಮೆಸೇಜ್ ಬಂದವು. ಮೂಡಲಗಿ ಕಡೆಯ ಒಬ್ಬ ಹುಡುಗ ಹೇಳ್ತಾನೆ: "ಅಣ್ಣಾ, ನೀ ಹೇಳಿದಿ ಅಂತ ನೋಡಿದೆ. ಆ ಹೆಣ ಒಂದು ಹೆಜ್ಜಿ ಇಡೋದ್ರೊಳಗ ನಾ ಹೊಲಕ್ಕ ಹೋಗಿ ನೀರು ಬಿಟ್ಟು ಬರತಿದ್ದೆ. ಓಡಿದ್ರ ಮುಗೀತಲ್ಲ? ಇದನ್ಯಾಕ ಇಷ್ಟು ಹೊಗಳತಿ?"

ಇನ್ನೊಂದು ಹುಕ್ಕೇರಿಯಿಂದ, ಒಬ್ಬ ತಂಗಿಯದ್ದು: "ಅಣ್ಣಾ, ನಮ್ಮ ಮನಿ ಹಳೇ ಗುಮ್ಮಟದ ಹತ್ರ ಐತಿ. ರಾತ್ರಿ ಒಬ್ಬಾಕಿನ ನೋಡಿದೆ. ಕುದುರಿ ಹೆಜ್ಜಿ ಸದ್ದು ಇನ್ನೂ ಕಿವ್ಯಾಗಿಂದ ಹೋಗವಲ್ದು."

ಒಂದೇ ಸಿನಿಮಾ. ಒಬ್ಬ ನಕ್ಕ, ಒಬ್ಬಾಕಿ ನಿದ್ದೆಗೆಟ್ಟಳು. ನನ್ನ ಪ್ರಕಾರ ಇಬ್ಬರದ್ದೂ ಖರೇ. ಯುರೋಪಿನ ಹಳೇ "ಎದ್ದ ಹೆಣ"ದ ಸಿನಿಮಾಗಳ ಹಣೆಬರಹವೇ ಹಾಗೆ: ಒಂದೇ ರೀಲಿನಲ್ಲಿ ಚಿನ್ನಾನೂ ಇರುತ್ತೆ, ಕಸಾನೂ ಇರುತ್ತೆ. ನಾನು ಬಿ.ಕಾಂ. ಓದಿದವ. ಹಾಗಾಗಿ ಇವತ್ತು ಇವುಗಳ ಖಾತೆ ತೆಗೆದು ಜಮಾ ಎಷ್ಟು, ಖರ್ಚು ಎಷ್ಟು, ಕೊನೆಗೆ ಕೈಯಲ್ಲಿ ಉಳಿಯೋದು ಏನು ಅಂತ ನೋಡೋಣ.

02:40 | ದೆವ್ವ ಬೇರೆ, ಎದ್ದ ಹೆಣ ಬೇರೆ

ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ನಮ್ಮ ದೆವ್ವ ಮತ್ತು ಅವರ ಜೊಂಬಿ ಒಂದೇ ಅಲ್ಲ.

ನಮ್ಮ ಆಯಿ ಹೇಳ್ತಿದ್ದ ಕಥೆಗಳಲ್ಲಿ ದೆವ್ವಕ್ಕೆ ಒಂದು ಹೆಸರು ಇರ್ತಿತ್ತು, ಒಂದು ಹುಣಸೆ ಮರ ಇರ್ತಿತ್ತು, ಮುಖ್ಯವಾಗಿ ಒಂದು ತಕರಾರು ಇರ್ತಿತ್ತು. ಯಾರೋ ಮೋಸ ಮಾಡಿದ್ರು, ಆಸ್ತಿ ಕಸ್ಕೊಂಡ್ರು, ಮದುವೆ ಆಗ್ತೀನಿ ಅಂದು ಕೈ ಕೊಟ್ರು. ಅದಕ್ಕೆ ಮೈ ಇಲ್ಲ, ಆದರೆ ಮನಸ್ಸು ಪೂರ್ತಿ ಇದೆ. ಬಂದು ಮಾತಾಡುತ್ತೆ, ಬೇಡಿಕೆ ಇಡುತ್ತೆ, ನಡೆಸಿಕೊಟ್ರೆ ಹೋಗುತ್ತೆ. 1979ರಲ್ಲಿ ಬಂದ "ನಾ ನಿನ್ನ ಬಿಡಲಾರೆ" ನೆನಪು ಮಾಡ್ಕೊಳ್ಳಿ. ಅನಂತನಾಗ್, ಲಕ್ಷ್ಮಿ ಇದ್ದ ಸಿನಿಮಾ. ಸತ್ತ ಹೆಣ್ಣಿನ ಆತ್ಮ ಒಂದು ಸಂಸಾರವನ್ನ ಕಾಡುತ್ತೆ, ಪರಿಹಾರ ಮಂತ್ರಾಲಯದ ರಾಯರ ಕಡೆಯಿಂದ ಬರುತ್ತೆ. 2004ರ "ಆಪ್ತಮಿತ್ರ"ಕ್ಕೆ ಬಂದ್ರೆ ದೆವ್ವ ಅಂದುಕೊಂಡದ್ದು ಮನಸ್ಸಿನ ಕಾಯಿಲೆ ಆಗುತ್ತೆ. ಎರಡರಲ್ಲೂ ಒಂದು ಸಮಾನ ಅಂಶ ಏನಂದ್ರೆ, ಎದುರಿಗಿರೋದರ ಜೊತೆ ಮಾತಾಡಬಹುದು.

ಜೊಂಬಿ ತಲೆಕೆಳಗು. ಮೈ ಇದೆ, ಮನಸ್ಸಿಲ್ಲ. ನಿಮ್ಮಪ್ಪನ ಮುಖ ಇದೆ, ಆದರೆ ಒಳಗೆ ನಿಮ್ಮಪ್ಪ ಇಲ್ಲ. ಕೈ ಮುಗಿದ್ರೆ ಕೇಳಲ್ಲ, ತಕರಾರೇನು ಅಂದ್ರೆ ಹೇಳಲ್ಲ. ಇನ್ನೊಂದು ವರ್ಗ ರಕ್ತಪಿಶಾಚಿಗಳದ್ದು, ಅಂದ್ರೆ ಡ್ರಾಕುಲಾ ಜಾತಿ. ಅವಕ್ಕೆ ಮೈಯೂ ಇದೆ, ಬುದ್ಧಿಯೂ ಇದೆ, ಜೀವ ಒಂದಿಲ್ಲ.

"ಇದೆಲ್ಲ ಪರದೇಶದ್ದು, ನಮ್ಮಲ್ಲಿ ಹೆಣ ಸುಡ್ತಾರೆ, ಏಳೋಕೆ ಏನು ಉಳಿದಿರುತ್ತೆ" ಅಂತ ಒಬ್ಬ ಗೆಳೆಯ ವಾದ ಮಾಡಿದ್ದ. ನಮ್ಮ ಭಾಗಕ್ಕೆ ಆ ವಾದ ನಿಲ್ಲಲ್ಲ. ಇಲ್ಲಿ ಲಿಂಗಾಯತರು ಹೂಳ್ತಾರೆ, ಮುಸ್ಲಿಮರು ಹೂಳ್ತಾರೆ, ಕ್ರೈಸ್ತರು ಹೂಳ್ತಾರೆ, ಇನ್ನೂ ಹಲವು ಸಮುದಾಯಗಳು ಹೂಳ್ತಾವೆ. ಹೊಲದ ಬದುವಿನಲ್ಲೇ ಹಿರಿಯರ ಸಮಾಧಿ ಇರೋ ಮನೆಗಳು ಎಷ್ಟಿಲ್ಲ? ಅಲ್ಲಿಗೆ ನಾವು ಹಬ್ಬಕ್ಕೆ ಎಡೆ ಒಯ್ತೀವಿ. ನಮಗೆ ಮಣ್ಣಲ್ಲಿರೋರು ಶತ್ರುಗಳಲ್ಲ, ಮನೆಯವರು.

ಇನ್ನೂ ಹಿಂದಕ್ಕೆ ಹೋದ್ರೆ ನಮ್ಮ ಬೇತಾಳ ಇದ್ದಾನೆ. ಮರಕ್ಕೆ ನೇತಾಡೋ ಹೆಣದೊಳಗೆ ಹೊಕ್ಕು, ವಿಕ್ರಮಾದಿತ್ಯನ ಹೆಗಲೇರಿ ಕಥೆ ಹೇಳಿ ಪ್ರಶ್ನೆ ಕೇಳೋನು. ರಿಚರ್ಡ್ ಬರ್ಟನ್ ಅನ್ನೋ ಇಂಗ್ಲಿಷ್ ಲೇಖಕ 1870ರಲ್ಲಿ ಈ ಕಥೆಗಳನ್ನ ಇಂಗ್ಲಿಷಿಗೆ ತಂದಾಗ ಬೇತಾಳನನ್ನ "ವ್ಯಾಂಪೈರ್" ಅಂತ ಕರೆದ. ಬ್ರಾಮ್ ಸ್ಟೋಕರ್‌ನ "ಡ್ರಾಕುಲಾ" ಕಾದಂಬರಿ ಬಂದದ್ದು 1897ರಲ್ಲಿ. ಅಂದ್ರೆ ಡ್ರಾಕುಲಾಕ್ಕಿಂತ 27 ವರ್ಷ ಮೊದಲೇ ನಮ್ಮ ಬೇತಾಳ ಲಂಡನ್ ನೋಡಿ ಆಗಿತ್ತು.

06:10 | ಜಮಾ ಒಂದು: ನೆರಳು

ಈಗ ಖಾತೆ ತೆಗೆಯೋಣ. ಮೊದಲ ಜಮಾ, ಕಡಿಮೆ ದುಡ್ಡಲ್ಲಿ ಭಯ ಹುಟ್ಟಿಸೋ ಕಲೆ.

1922, ಜರ್ಮನಿ. ಎಫ್. ಡಬ್ಲ್ಯೂ. ಮುರ್ನಾವ್ "ನೊಸ್ಫೆರಾಟು" ಮಾಡಿದ. ಮಾತಿಲ್ಲದ ಸಿನಿಮಾ. ಕಥೆ ಡ್ರಾಕುಲಾದ್ದೇ, ಆದರೆ ಹಕ್ಕು ಕೊಂಡಿರಲಿಲ್ಲ. ಹೆಸರು ಬದಲಿಸಿ ಡ್ರಾಕುಲಾನನ್ನ ಕೌಂಟ್ ಓರ್ಲಾಕ್ ಮಾಡಿದ್ರು. ಸ್ಟೋಕರ್‌ನ ಹೆಂಡತಿ ಫ್ಲಾರೆನ್ಸ್ ಕೇಸು ಹಾಕಿದಳು, ಗೆದ್ದಳು. 1925ರಲ್ಲಿ ಜರ್ಮನಿಯ ಕೋರ್ಟು ಎಲ್ಲ ಪ್ರತಿಗಳನ್ನೂ ನಾಶ ಮಾಡಿ ಅಂತು. ಅಷ್ಟೊತ್ತಿಗೆ ಕೆಲವು ಪ್ರತಿಗಳು ಬೇರೆ ದೇಶ ಸೇರಿದ್ದವು. ಹಾಗಾಗಿ ಸಿನಿಮಾ ಉಳೀತು. ಸಾಯಬೇಕಿದ್ದ ಸಿನಿಮಾ, ಸತ್ತವನ ಕಥೆ ಹೇಳ್ತಾ ಇನ್ನೂ ಓಡಾಡ್ತಿದೆ ನೋಡ್ರಿ.

ಅದರಲ್ಲಿ ಒಂದು ದೃಶ್ಯ. ಮೆಟ್ಟಿಲು ಹತ್ತಿ ಓರ್ಲಾಕ್ ಬರ್ತಾನೆ. ನಮಗೆ ಅವನು ಕಾಣಲ್ಲ, ಗೋಡೆ ಮೇಲೆ ಅವನ ನೆರಳು ಕಾಣುತ್ತೆ. ಗೂನು ಬೆನ್ನು, ಉದ್ದುದ್ದ ಉಗುರು. ಅಷ್ಟೇ. ಒಂದು ದೀಪ, ಒಂದು ಗೋಡೆ, ಒಬ್ಬ ನಟ. ಖರ್ಚು ಲೆಕ್ಕ ಹಾಕಿದ್ರೆ ನಮ್ಮೂರಿನ ಗ್ಯಾದರಿಂಗ್ ಸ್ಟೇಜ್ ಮೇಲೂ ಮಾಡಬಹುದು. ಇನ್ನೊಂದು ಮಾತು: ರಕ್ತಪಿಶಾಚಿ ಸೂರ್ಯನ ಬೆಳಕಿಗೆ ಸಾಯ್ತಾನೆ ಅಂತ ನಾವೆಲ್ಲ ನಂಬಿದ್ದೀವಲ್ಲ, ಅದು ಮೂಲ ಕಾದಂಬರಿಯಲ್ಲಿ ಇಲ್ಲ. ಅಲ್ಲಿ ಡ್ರಾಕುಲಾ ಹಗಲಲ್ಲೂ ತಿರುಗಾಡ್ತಾನೆ, ಶಕ್ತಿ ಮಾತ್ರ ಕಡಿಮೆ. ಬೆಳಕಿಗೆ ಕರಗಿಹೋಗೋದು ಈ ಸಿನಿಮಾದ ಕೊಡುಗೆ.

ಹತ್ತು ವರ್ಷ ಬಿಟ್ಟು, 1932ರಲ್ಲಿ, ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ "ವ್ಯಾಂಪೈರ್" ಮಾಡಿದ. ಕ್ಯಾಮೆರಾ ಮುಂದೆ ತೆಳ್ಳನೆ ಬಟ್ಟೆ ಹಿಡಿದು ಶೂಟ್ ಮಾಡಿದ್ದರಿಂದ ಇಡೀ ಸಿನಿಮಾ ಮಂಜಿನೊಳಗೆ ನಡೆದ ಹಾಗಿದೆ. ಅದರಲ್ಲಿ ನಾಯಕ ತನ್ನನ್ನ ತಾನೇ ಶವಪೆಟ್ಟಿಗೆಯಲ್ಲಿ ನೋಡ್ತಾನೆ. ಮುಚ್ಚಳಕ್ಕೆ ಒಂದು ಗಾಜಿನ ಕಿಟಕಿ. ಕ್ಯಾಮೆರಾ ಪೆಟ್ಟಿಗೆಯೊಳಗಿಂದ ಮೇಲೆ ನೋಡುತ್ತೆ: ಮುಚ್ಚಳ ಬಿಗಿಯೋರ ಕೈ, ಮನೆಯ ಮಾಳಿಗೆ, ಆಕಾಶ, ಮರದ ತುದಿ. ಹೆಗಲ ಮೇಲೆ ಹೊತ್ತುಕೊಂಡು ಹೋಗ್ತಾ ಇದ್ದಾರೆ, ಹೊತ್ತವರು ನಮ್ಮನ್ನ. ಯಾರೂ ಕೂಗಲ್ಲ, ರಕ್ತ ಇಲ್ಲ. ಆದರೂ ಎದೆ ಮೇಲೆ ಯಾರೋ ಕೂತ ಹಾಗೆ ಆಗುತ್ತೆ.

09:30 | ಜಮಾ ಎರಡು: ಸದ್ದು

ಈಗ ಮೂಡಲಗಿ ಹುಡುಗನ ಸಿನಿಮಾಕ್ಕೆ ಬರೋಣ. 1972ರಲ್ಲಿ ತೆರೆ ಕಂಡ ಸ್ಪೇನ್-ಪೋರ್ಚುಗಲ್ ಸಿನಿಮಾ. ನಿರ್ದೇಶಕ ಅಮಾಂಡೊ ದೆ ಒಸ್ಸೋರಿಯೊ. ಇಂಗ್ಲಿಷಿನಲ್ಲಿ "ಟೂಂಬ್ಸ್ ಆಫ್ ದ ಬ್ಲೈಂಡ್ ಡೆಡ್". 1975ರವರೆಗೆ ಒಟ್ಟು ನಾಲ್ಕು ಭಾಗ ಬಂದವು.

ಕಥೆ ಹೀಗೆ. ಟೆಂಪ್ಲರ್ ಅನ್ನೋ ಮಧ್ಯಯುಗದ ಸೈನಿಕ ಸನ್ಯಾಸಿಗಳು ಸಾವು ಗೆಲ್ಲೋ ಆಸೆಗೆ ವಾಮಾಚಾರ ಮಾಡಿ ನೇಣಿಗೇರ್ತಾರೆ. ಹಕ್ಕಿಗಳು ಬಂದು ಕಣ್ಣು ಕುಕ್ಕಿ ತಿಂತಾವೆ. ಶತಮಾನಗಳ ಮೇಲೆ ಗೋರಿಯಿಂದ ಎದ್ದು ಬರ್ತಾರೆ. ಕಣ್ಣಿಲ್ಲ. ಸದ್ದು ಕೇಳಿ ಬೇಟೆಯಾಡ್ತಾರೆ.

ಇಲ್ಲಿ ಒಂದು ಸಣ್ಣ ಐಡಿಯಾ ಎಷ್ಟು ದೊಡ್ಡ ಕೆಲಸ ಮಾಡುತ್ತೆ ನೋಡ್ರಿ. ಸಾಮಾನ್ಯವಾಗಿ ಹಾರರ್ ಸಿನಿಮಾದಲ್ಲಿ ನಾವು ಹೆದರಿದಾಗ ಕೂಗ್ತೀವಿ. ಇಲ್ಲಿ ಕೂಗಿದ್ರೆ ಸತ್ತೆ. ಓಡಿದ್ರೆ ಹೆಜ್ಜೆ ಸದ್ದು. ಸುಮ್ಮನೆ ನಿಂತ್ರೂ ಉಸಿರು ಇದೆಯಲ್ಲ? ತಮ್ಮಾ ಮೂಡಲಗಿ, "ಓಡಿದ್ರ ಮುಗೀತಲ್ಲ" ಅಂದಿ. ಓಡಿದ ಸದ್ದಿನಿಂದಾನೇ ಅವಕ್ಕೆ ನೀನು ಸಿಗೋದು. ನಿಧಾನ ಅನ್ನೋದು ಅವುಗಳ ದೌರ್ಬಲ್ಯ ಅಲ್ಲ. ಅವಕ್ಕೆ ಅವಸರ ಇಲ್ಲ, ಅಷ್ಟೇ. ಸಾಲ ವಸೂಲಿಗೆ ಬರೋರು ಓಡಿ ಬರ್ತಾರೇನು? ಬೈಕ್ ನಿಲ್ಲಿಸಿ ನಿಧಾನಕ್ಕೆ ನಡ್ಕೊಂಡು ಬರ್ತಾರೆ. ಅದಕ್ಕೇ ಹೆಚ್ಚು ಭಯ.

ಕುದುರೆಗಳು ಸ್ಲೋ ಮೋಷನ್‌ನಲ್ಲಿ ಓಡ್ತಾವೆ, ಹಿಂದೆ ಆಂಟೋನ್ ಗಾರ್ಸಿಯಾ ಅಬ್ರಿಲ್‌ನ ಸಂಗೀತ, ಗುಡಿಯೊಳಗಿನ ಮಂತ್ರಘೋಷ ತಿರುಚಿದ ಹಾಗೆ. ಹುಕ್ಕೇರಿ ತಂಗಿ ನಿದ್ದೆ ಕೆಟ್ಟಿದ್ದು ಇಲ್ಲೇ. ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳನ್ನ ನೋಡಿದವರಿಗೆ ಗೊತ್ತು, ಹಳೇ ಕಲ್ಲಿನ ಕಟ್ಟಡದೊಳಗೆ ಹೆಜ್ಜೆ ಇಟ್ರೆ ನಮ್ಮ ಸದ್ದು ನಮಗೇ ಬೇರೆಯವರದ್ದು ಅನ್ಸುತ್ತೆ. ಆ ಸಿನಿಮಾದಲ್ಲೂ ಸೆಟ್ ಹಾಕಿಲ್ಲ, ನಿಜವಾದ ಪಾಳು ಕಟ್ಟಡಗಳು. ಗೋಡೆಗೇ ವಯಸ್ಸಾಗಿದೆ. ಕಂಪ್ಯೂಟರ್‌ನಲ್ಲಿ ಮಾಡಿದ ಕೋಟೆಗೆ ಆ ವಯಸ್ಸು ಬರಲ್ಲ.

ಇನ್ನೊಂದು ಪದರ ಇದೆ. ಆಗ ಸ್ಪೇನಿನಲ್ಲಿ ಜನರಲ್ ಫ್ರಾಂಕೋನ ಸರ್ವಾಧಿಕಾರ, ಬಿಗಿ ಸೆನ್ಸಾರ್. ಈ ಕಥೆಯೂ ಪಕ್ಕದ ಪೋರ್ಚುಗಲ್‌ನಲ್ಲಿ ನಡೆಯುತ್ತೆ. ಕತ್ತಿ ಹಿಡಿದ, ಧರ್ಮದ ವೇಷ ಹಾಕಿದ, ಕಣ್ಣು ಕಾಣದ ಮುದುಕ ಹೆಣಗಳು ಎದ್ದು ಬಂದು ಮಾಡರ್ನ್ ಬಟ್ಟೆಯ ಹುಡುಗ-ಹುಡುಗಿಯರನ್ನ ಸದ್ದು ಮಾಡಿದ್ದಕ್ಕೆ ಕೊಲ್ತಾವೆ. ಇದು ಆ ಸರ್ಕಾರದ ಕಥೆಯೇ ಅಂತ ಓದೋ ವಿಮರ್ಶಕರಿದ್ದಾರೆ. ನಾಲ್ಕನೇ ಭಾಗ ಬಂದ 1975ರಲ್ಲೇ ಫ್ರಾಂಕೋ ಸತ್ತ.

13:00 | ಜಮಾ ಮೂರು: ಹೊಲದಲ್ಲಿ ಮಷಿನ್

ಮೂರನೆಯದ್ದು ನನಗೆ ಎಲ್ಲಕ್ಕಿಂತ ಹತ್ತಿರದ್ದು. 1974ರಲ್ಲಿ ಸ್ಪೇನಿನ ಹೋರ್ಹೆ ಗ್ರಾವ್ ಮಾಡಿದ "ದ ಲಿವಿಂಗ್ ಡೆಡ್ ಅಟ್ ಮ್ಯಾಂಚೆಸ್ಟರ್ ಮಾರ್ಗ್". ನಡೆಯೋದು ಇಂಗ್ಲೆಂಡಿನ ಹಳ್ಳಿಯಲ್ಲಿ. ಅಲ್ಲಿ ಹೊಲಕ್ಕೆ ಸರ್ಕಾರದವರು ಒಂದು ಹೊಸ ಮಷಿನ್ ತಂದಿರ್ತಾರೆ. ಔಷಧಿ ಹೊಡೆಯೋದೇ ಬೇಡ, ಶಬ್ದತರಂಗ ಬಿಟ್ರೆ ಹುಳಗಳು ತಲೆ ಕೆಟ್ಟು ಒಂದನ್ನೊಂದು ಕಚ್ಚಿ ಸಾಯ್ತಾವೆ. ಎಲ್ಲರಿಗೂ ಖುಷಿ. ಆದರೆ ಆ ತರಂಗ ಹುಳಕ್ಕೆ ಮಾತ್ರ ತಟ್ಟಲ್ಲ. ಈಗಷ್ಟೇ ಸತ್ತವರ ನರಗಳಿಗೂ ತಟ್ಟುತ್ತೆ, ಆಸ್ಪತ್ರೆಯಲ್ಲಿ ಆಗಷ್ಟೇ ಹುಟ್ಟಿದ ಮಕ್ಕಳಿಗೂ ತಟ್ಟುತ್ತೆ.

ಘಟಪ್ರಭಾ ನೀರಿನ ಮೇಲೆ ಬದುಕೋ ನಮ್ಮ ಕಬ್ಬಿನ ನಾಡಿನವರಿಗೆ ಇದನ್ನ ವಿವರಿಸಬೇಕೇನ್ರಿ? ಅಂಗಡಿಯವನು "ಇದನ್ನ ಹೊಡೀರಿ, ಹುಳ ಇರಲ್ಲ" ಅಂತಾನೆ. ನಾವು ಮೂಗಿಗೆ ಟವೆಲ್ ಕಟ್ಟಿ ಬೆನ್ನಿಗೆ ಪಂಪ್ ಹಾಕ್ಕೊಂಡು ಹೋಗ್ತೀವಿ. ಹುಳಕ್ಕೆ ಹೊಡೆದದ್ದು ಹುಳಕ್ಕೇ ನಿಲ್ಲುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? 50 ವರ್ಷದ ಹಿಂದಿನ ಹೆಣದ ಸಿನಿಮಾ ಈ ಪ್ರಶ್ನೆ ಕೇಳುತ್ತೆ. ಅದರಲ್ಲಿ ಪೊಲೀಸ್ ಅಧಿಕಾರಿ ಹೀರೋನ ಉದ್ದ ಕೂದಲು ನೋಡಿಯೇ "ಇವನೇ ಕಳ್ಳ" ಅಂತ ತೀರ್ಮಾನ ಮಾಡಿಬಿಟ್ಟಿರ್ತಾನೆ. ಮಷಿನ್ ಬಗ್ಗೆ ಎಷ್ಟು ಹೇಳಿದ್ರೂ ಕೇಳಲ್ಲ. ಹೆಣಕ್ಕಿಂತ ಅವನೇ ಹೆಚ್ಚು ಭಯ ಹುಟ್ಟಿಸ್ತಾನೆ.

15:20 | ಖರ್ಚು: ನಗು ಬರೋ ಜಾಗಗಳು

ಇಷ್ಟು ಜಮಾ. ಈಗ ಖರ್ಚಿನ ಬಾಜು. ಇದು ಉದ್ದ ಇದೆ.

ಒಂದು, ನಕಲು. ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ "ನೈಟ್ ಆಫ್ ದ ಲಿವಿಂಗ್ ಡೆಡ್" ಮಾಡಿದ. ಮನುಷ್ಯರನ್ನ ತಿನ್ನೋ ಹೆಣಗಳ ಕಾಲ ಶುರುವಾಗಿದ್ದೇ ಅಲ್ಲಿಂದ. ಅವನದ್ದೇ 1978ರ "ಡಾನ್ ಆಫ್ ದ ಡೆಡ್" ಇಟಲಿಯಲ್ಲಿ "ಜೊಂಬಿ" ಅನ್ನೋ ಹೆಸರಲ್ಲಿ ಓಡ್ತು. ಮರುವರ್ಷ ಇಟಲಿಯ ಲೂಚಿಯೊ ಫುಲ್ಚಿಯ ಸಿನಿಮಾ ಬಂತು. ಹೆಸರೇನು ಗೊತ್ತಾ? "ಜೊಂಬಿ 2"! ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಓಡಿದ ಅಂಗಡಿಯ ಬೋರ್ಡ್ ನೋಡಿ ಪಕ್ಕದಲ್ಲಿ ಅದೇ ಹೆಸರಿನ ಅಂಗಡಿ ಹಾಕಿದ ಹಾಗೆ. ನಮ್ಮೂರಲ್ಲಿ ಕರದಂಟಿನ ಅಂಗಡಿಗಳ ಬೋರ್ಡ್ ನೋಡಿದವರಿಗೆ ಈ ಬಿಸಿನೆಸ್ ಮಾಡೆಲ್ ಹೊಸದಲ್ಲ.

ಎರಡು, ಡಬ್ಬಿಂಗ್. ಇಟಲಿಯವರು ಹೆಚ್ಚಾಗಿ ಶೂಟಿಂಗ್ ಹೊತ್ತಲ್ಲಿ ಧ್ವನಿ ರೆಕಾರ್ಡ್ ಮಾಡ್ತಿರಲಿಲ್ಲ. ನಟರು ತಂತಮ್ಮ ಭಾಷೆಯಲ್ಲಿ ಹೇಳ್ತಿದ್ರು, ಆಮೇಲೆ ದೇಶಕ್ಕೊಂದು ಭಾಷೆಯಲ್ಲಿ ಧ್ವನಿ ಕೊಡೋರು. ಲೆಕ್ಕದ ದೃಷ್ಟಿಯಿಂದ ಬುದ್ಧಿವಂತಿಕೆ, ಒಂದೇ ಸರಕನ್ನ ಹತ್ತು ಮಾರ್ಕೆಟ್‌ಗೆ ಮಾರಬಹುದು. ನೋಡೋರಿಗೆ ಮಾತ್ರ ಬಾಯಿ ಒಂದು ಕಡೆ, ಮಾತು ಒಂದು ಕಡೆ.

ಮೂರು, ಹಗಲು-ರಾತ್ರಿ ಗೊಂದಲ. ರಾತ್ರಿ ಲೈಟ್ ಹಾಕಿ ಶೂಟ್ ಮಾಡೋದು ದುಬಾರಿ. ಹಗಲಲ್ಲೇ ತೆಗೆದು ಕಪ್ಪು ಮಾಡಿ ರಾತ್ರಿ ಅಂತ ತೋರಿಸ್ತಿದ್ರು. ಒಂದು ಶಾಟ್‌ನಲ್ಲಿ ಕತ್ತಲು, ಮುಂದಿನದರಲ್ಲಿ ನೆಲದ ಮೇಲೆ ಹೀರೋನ ನೆರಳು ಬಿಸಿಲಿಗೆ ಬಿದ್ದಿರುತ್ತೆ.

ನಾಲ್ಕು, ಉಳಿತಾಯ ಮಿತಿ ಮೀರಿದ್ದು. ಒಸ್ಸೋರಿಯೊ ಎರಡನೇ ಭಾಗದಲ್ಲಿ ಮೊದಲ ಭಾಗದ ಗೋರಿ ಏಳೋ ದೃಶ್ಯಗಳನ್ನೇ ಮತ್ತೆ ಬಳಸಿದ. ಮೂರನೇ ಭಾಗದ ಭೂತ ಹಡಗಂತೂ ಸ್ನಾನದ ಟಬ್ಬಿನಲ್ಲಿ ಬಿಟ್ಟ ಆಟಿಕೆ ಅಂತ ಮಕ್ಕಳೂ ಹೇಳ್ತಾರೆ. ಮತ್ತೆ, ಸೈನಿಕರು ಗೋರಿಯಿಂದ ಎದ್ರು, ಸರಿ. ಆ ಕುದುರೆಗಳು ಎಲ್ಲಿಂದ ಬಂದ್ವು? ಅವನ್ನ ಯಾರು ಹೂಳಿದ್ರು? ನಾಲ್ಕು ಸಿನಿಮಾ ಮುಗಿದ್ರೂ ಉತ್ತರ ಇಲ್ಲ.

ಹಾಂ, "ಜೊಂಬಿ 2"ರಲ್ಲಿ ಒಂದು ಹೆಣ ಸಮುದ್ರದೊಳಗೆ ನಿಜವಾದ ಶಾರ್ಕ್ ಜೊತೆ ಕುಸ್ತಿ ಹಿಡಿಯುತ್ತೆ. ಇದನ್ನ ಜಮಾ ಬಾಜು ಹಾಕೋದೋ ಖರ್ಚು ಬಾಜು ಹಾಕೋದೋ ನನಗೆ ಇವತ್ತಿಗೂ ಟ್ಯಾಲಿ ಆಗಿಲ್ಲ.

18:10 | ನಗಲಾಗದ ಖರ್ಚು

ಇಲ್ಲಿವರೆಗಿನ ತಪ್ಪುಗಳಿಗೆ ನಕ್ಕು ಬಿಡಬಹುದು. ಮುಂದಿನವು ಹಾಗಲ್ಲ.

ಈ ಸಿನಿಮಾಗಳಲ್ಲಿ ಹೆಣ್ಣುಮಕ್ಕಳನ್ನ ನಡೆಸಿಕೊಂಡ ರೀತಿ ಕೆಟ್ಟದ್ದು. ನಾನು ಇಷ್ಟು ಹೊಗಳಿದ ಒಸ್ಸೋರಿಯೊ ಸಿನಿಮಾದಲ್ಲೇ ಒಂದು ಅತ್ಯಾಚಾರದ ದೃಶ್ಯ ಇದೆ. ಕಥೆಗೆ ಅದರಿಂದ ಏನೂ ಸೇರಲ್ಲ, ಟಿಕೆಟ್ ಮಾರೋಕೆ ಹಾಕಿದ್ದು. ಹುಕ್ಕೇರಿ ತಂಗಿಗೆ ನಾನು ಅದನ್ನ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದೇ. ಇನ್ನು ಮುಂದೆ ಸಿನಿಮಾ ಹೇಳುವಾಗ ಇಂಥದ್ದನ್ನೂ ಹೇಳ್ತೀನಿ.

ಇನ್ನೊಂದು, ಬಣ್ಣದ ಲೆಕ್ಕ. ಬ್ರೂನೊ ಮಾಟೈ ಅನ್ನೋನು 1980ರಲ್ಲಿ ಮಾಡಿದ ಒಂದು ಜೊಂಬಿ ಸಿನಿಮಾದಲ್ಲಿ ನ್ಯೂಗಿನಿಯ ಬುಡಕಟ್ಟು ಜನರ ಡಾಕ್ಯುಮೆಂಟರಿ ತುಣುಕುಗಳನ್ನ ತಂದು ಸೇರಿಸಿದ್ದಾನೆ. ಯಾರದ್ದೋ ಮನೆಯ ನಿಜವಾದ ಸಾವಿನ ಆಚರಣೆ ಇವನ ಸಿನಿಮಾದಲ್ಲಿ ಹೆದರಿಸೋ ಸರಕು. ನಮ್ಮ ಊರಿನ ಮಣ್ಣು ಮಾಡೋ ದೃಶ್ಯವನ್ನ ಯಾರೋ ಹೀಗೆ ಕತ್ತರಿಸಿ ಹಾಕಿದ್ರೆ ಹೇಗಿರುತ್ತೆ?

ಎಲ್ಲಕ್ಕಿಂತ ದೊಡ್ಡ ಸಾಲ ಬೇರೆ ಇದೆ. ಜೊಂಬಿ ಅನ್ನೋ ಮಾತು ಬಂದದ್ದು ಹೈಟಿಯಿಂದ. ಅದು ಫ್ರೆಂಚರ ವಸಾಹತಾಗಿತ್ತು. ಆಫ್ರಿಕಾದಿಂದ ಗುಲಾಮರನ್ನ ತಂದು ಕಬ್ಬಿನ ತೋಟದಲ್ಲಿ ದುಡಿಸ್ತಿದ್ದ ನೆಲ. ಅಲ್ಲಿನ ಜನರಿಗೆ ಜೊಂಬಿ ಅಂದ್ರೆ ಮನುಷ್ಯರನ್ನ ತಿನ್ನೋ ರಾಕ್ಷಸ ಅಲ್ಲ. ಸತ್ತ ಮೇಲೂ ಬಿಡುಗಡೆ ಸಿಗದೆ, ಮಾಲೀಕನಿಗೆ ದುಡೀತಾನೇ ಇರೋ ಕೂಲಿಯವನು. ಅವರ ಭಯ "ಜೊಂಬಿ ಬಂದು ನನ್ನ ಕಚ್ಚಿಬಿಟ್ರೆ" ಅಂತಲ್ಲ. "ನಾನೇ ಜೊಂಬಿ ಆಗಿಬಿಟ್ರೆ" ಅಂತ. ಸಾವು ಕೂಡ ರಜೆ ಕೊಡದಿದ್ರೆ ಅಂತ.

1932ರ "ವೈಟ್ ಜೊಂಬಿ" ಅನ್ನೋ ಅಮೆರಿಕನ್ ಸಿನಿಮಾದಲ್ಲಿ ಈ ನೆನಪು ಇನ್ನೂ ಸ್ವಲ್ಪ ಉಳಿದಿತ್ತು. ಅದರಲ್ಲಿ ಜೊಂಬಿಗಳು ಕೆಲಸ ಮಾಡೋದು ಎಲ್ಲಿ ಗೊತ್ತೇನ್ರಿ? ಸಕ್ಕರೆ ಗಿರಣಿಯಲ್ಲಿ. ಒಬ್ಬ ಗಾಣದೊಳಗೆ ಬಿದ್ದುಹೋಗ್ತಾನೆ. ಉಳಿದವರು ತಿರುಗಿ ನೋಡಲ್ಲ, ಗಾಣ ನಿಲ್ಲಲ್ಲ. ಈ ದೃಶ್ಯ ನೋಡಿದಾಗ ನಾನು ಫೋನ್ ಕೆಳಗಿಟ್ಟೆ. ನವೆಂಬರ್ ಬಂತಂದ್ರೆ ನಮ್ಮ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು. ಕಬ್ಬು ಕಡಿಯೋ ಗ್ಯಾಂಗಿನವರು ಮುಂಗಡ ತಗೊಂಡು ಮಕ್ಕಳು-ಮರಿ ಕಟ್ಟಿಕೊಂಡು ಬಂದು ಹೊಲದ ಪಕ್ಕ ಗುಡಿಸಲು ಹಾಕ್ಕೊಂಡಿರ್ತಾರೆ. ಚಳಿಯಲ್ಲಿ ಬೆಳಕು ಹರಿಯೋ ಮುಂಚೆ ಕೆಲಸ ಶುರು. ಮುಂಗಡ ತೀರೋವರೆಗೆ ಮೈ ಅವರದ್ದಲ್ಲ. ಹೈಟಿಯವನಿಗೆ ಈ ಕಥೆ ಹೇಳಿದ್ರೆ ಅವನು ಜೊಂಬಿ ಅಂದ್ರೇನು ಅಂತ ನಮಗೆ ವಿವರಿಸಬೇಕಾಗಿಲ್ಲ.

ಯುರೋಪಿನ ಸಿನಿಮಾದವರು ಈ ಕಥೆಯಿಂದ ಕೊಳೆತ ಮಾಂಸ ತಗೊಂಡ್ರು, ಕೂಲಿಯನ್ನ ಬಿಟ್ರು. ಫುಲ್ಚಿಯ ಸಿನಿಮಾ ಕ್ಯಾರಿಬಿಯನ್ ದ್ವೀಪದಲ್ಲೇ ನಡೆಯುತ್ತೆ, ಗೋರಿಯಿಂದ ಏಳೋರಲ್ಲಿ ಆ ನೆಲ ಗೆದ್ದ ಸ್ಪೇನಿನ ಹಳೇ ಸೈನಿಕರೂ ಇದ್ದಾರೆ. ಎಂಥಾ ಐಡಿಯಾ! ಆದರೆ ದ್ವೀಪದ ಜನರಿಗೆ ಅಲ್ಲಿ ಸರಿಯಾಗಿ ಮಾತೇ ಇಲ್ಲ. ಅವರು ಹಿನ್ನೆಲೆಯ ಡೋಲು ಮಾತ್ರ. ನನ್ನ ಖಾತೆಯಲ್ಲಿ ಇದು ವಸೂಲಾಗದ ಸಾಲ.

21:30 | ಮಹಾಬಳೇಶ್ವರದ ಹೆಣ

ನಮ್ಮ ಕಡೆಯ ಲಿಂಕ್ ಹೇಳಿ ಮುಂದೆ ಹೋಗ್ತೀನಿ. ಸ್ಪೇನಿನ ಕುರುಡು ಹೆಣಗಳು ಎದ್ದ ಅದೇ 1972ರಲ್ಲಿ ರಾಮ್ಸೆ ಸಹೋದರರ "ದೋ ಗಜ್ ಜಮೀನ್ ಕೆ ನೀಚೆ" ಬಂತು. ಹೆಂಡತಿಯ ಮೋಸಕ್ಕೆ ಬಲಿಯಾದ ಗಂಡ ಮಣ್ಣಿನಿಂದ ಎದ್ದು ಬರೋ ಕಥೆ. ನಮಗೆ ದೂರ ಅಲ್ಲದ ಮಹಾಬಳೇಶ್ವರದಲ್ಲಿ, ಸಣ್ಣ ತಂಡ ಕಟ್ಟಿಕೊಂಡು ಮಾಡಿದ್ದು. ಆಮೇಲೆ 1984ರ "ಪುರಾನಾ ಮಂದಿರ್", 1990ರ "ಬಂದ್ ದರ್ವಾಜಾ". ಕೊನೆಯದ್ದರಲ್ಲಿ ಡ್ರಾಕುಲಾನೇ ಹಿಂದಿ ಮಾತಾಡೋರ ನಡುವೆ ಬಂದ ಹಾಗಿದೆ.

ನಾನು ಇವನ್ನೆಲ್ಲ ನೋಡಿದ್ದು ಹೈಸ್ಕೂಲಿನಲ್ಲಿದ್ದಾಗ, ಬಸ್ ಸ್ಟ್ಯಾಂಡ್ ಹತ್ತಿರದ ಸಿಡಿ ಅಂಗಡಿಯಿಂದ ಬಾಡಿಗೆಗೆ ತಂದು. ತರ್ತಿದ್ದದ್ದು ನಮ್ಮ ಕಾಕಾ. ಅಪ್ಪನ ತಮ್ಮ. ಅಪ್ಪ-ಅವ್ವ ಮಲಗಿದ ಮೇಲೆ ಟಿವಿ ಸದ್ದು ಕಡಿಮೆ ಮಾಡಿ, ಶೇಂಗಾ ಬಿಡಿಸ್ಕೊಂಡು ತಿಂತಾ ನಾವಿಬ್ಬರೂ ನೋಡ್ತಿದ್ವಿ. ನಾನು ಹೆದರಿದಾಗೆಲ್ಲ ಕಾಕಾ ಹೇಳ್ತಿದ್ದದ್ದು ಒಂದೇ ಮಾತು: "ಲೇ, ಬಣ್ಣ ನೋಡೋ, ಕುತ್ತಿಗಿ ಹತ್ರ ಹಚ್ಚೇ ಇಲ್ಲ."

23:20 | ಕೆರೆಯ ಹೆಣ

2021ರ ಮೇ ತಿಂಗಳಲ್ಲಿ ಕಾಕಾ ಹೋದ. ಕೊರೊನಾ ಎರಡನೇ ಅಲೆ. ಆಸ್ಪತ್ರೆಯಿಂದ ನೇರವಾಗಿ ಒಯ್ದರು. ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ರು. ನಾವು ನಾಲ್ಕು ಜನ ದೂರದಲ್ಲಿ ನಿಂತಿದ್ವಿ. ಮೈ ತೊಳೀಲಿಲ್ಲ, ವಿಭೂತಿ ಹಚ್ಚಲಿಲ್ಲ, ಮುಖ ನೋಡಲಿಲ್ಲ. ಆ ದಿನಗಳಲ್ಲಿ ನಮ್ಮ ಹಾಗೆ ನಿಂತವರು ಈಗ ಕೇಳ್ತಿರೋರಲ್ಲೂ ಇದ್ದೀರಿ ಅಂತ ಗೊತ್ತು.

ನಾಚಿಕೆ ಬಿಟ್ಟು ಹೇಳ್ತೀನಿ. ಆ ಹೊತ್ತಿನಲ್ಲಿ ದುಃಖಕ್ಕಿಂತ ಮೊದಲು ಬಂದದ್ದು ಭಯ. ಕಾಕಾನ ಮೈ ಬಗ್ಗೆ ಭಯ. ನನ್ನ ಪಕ್ಕದಲ್ಲಿ ಕೂತು ಶೇಂಗಾ ತಿಂದ ಮನುಷ್ಯ, ಅವನ ಹತ್ತಿರ ಹೋದ್ರೆ ನನಗೇನಾದ್ರೂ ಆದೀತು ಅನ್ನೋ ಭಯ. ಎಷ್ಟೋ ತಿಂಗಳು ಅದನ್ನ ಯಾರಿಗೂ ಹೇಳಲಿಲ್ಲ.

ಮರುವರ್ಷ ಒಂದು ರಾತ್ರಿ "ಜೊಂಬಿ ಲೇಕ್" ನೋಡಿದೆ. 1981ರ ಫ್ರೆಂಚ್ ಸಿನಿಮಾ, ನಿರ್ದೇಶಕ ಜಾನ್ ರೋಲಾಂ, ಅವನೂ ಸುಳ್ಳು ಹೆಸರು ಹಾಕ್ಕೊಂಡು ಮಾಡಿದ್ದು. ಈ ಜಾತಿಯ ಸಿನಿಮಾಗಳಲ್ಲೇ ಅತ್ಯಂತ ಕಳಪೆ ಅಂತ ಹೆಸರು. ಕೆರೆಯಿಂದ ಸತ್ತ ಜರ್ಮನ್ ಸೈನಿಕರು ಎದ್ದು ಬರ್ತಾರೆ. ಮುಖಕ್ಕೆ ಹಸಿರು ಬಣ್ಣ, ಅದು ಎದುರಿಗಿದ್ದವರಿಗೆಲ್ಲ ಅಂಟುತ್ತೆ. ಕೆರೆಯ ಒಳಗಿನ ದೃಶ್ಯದಲ್ಲಿ ಈಜುಕೊಳದ ಗೋಡೆ ಕಾಣುತ್ತೆ. ಜೋರಾಗಿ ನಕ್ಕೆ. ಕುತ್ತಿಗೆ ಹತ್ತಿರ ಬಣ್ಣ ಹಚ್ಚಿರಲಿಲ್ಲ. ಕಾಕಾ ಇರಬೇಕಿತ್ತು ಅನ್ನಿಸ್ತು.

ಆಗ ಒಂದು ದೃಶ್ಯ ಬಂತು. ಆ ಸೈನಿಕರಲ್ಲಿ ಒಬ್ಬನಿಗೆ ಊರಿನಲ್ಲಿ ಒಬ್ಬ ಮಗಳಿದ್ದಾಳೆ, ಚಿಕ್ಕ ಹುಡುಗಿ. ಅವನು ಅವಳ ಮನೆಗೆ ಬರ್ತಾನೆ. ಅವಳು ಓಡಲ್ಲ, ಕೂಗಲ್ಲ. ಹಸಿರು ಮುಖ, ಕೆಟ್ಟ ಮೇಕಪ್, ಅದೇನೂ ಅವಳಿಗೆ ಕಾಣಲ್ಲ. ಅಪ್ಪ ಬಂದ, ಅಷ್ಟೇ. ಕೊನೆಗೆ ಆ ಹೆಣಗಳನ್ನ ಸುಟ್ಟು ಮುಗಿಸೋಕೆ ಊರಿನವರು ಈ ಹುಡುಗಿಯ ಸಹಾಯವನ್ನೇ ಕೇಳ್ತಾರೆ.

ಅಲ್ಲಿ ನಾನು ನಿಲ್ಲಿಸಿದೆ. ಆ ಹುಡುಗಿ ಮಾಡಿದ್ದನ್ನ ನಾನು ಮಾಡೋಕೆ ಆಗಿರಲಿಲ್ಲ. ಹತ್ತಿರ ಹೋಗೋಕೆ ಆಗಿರಲಿಲ್ಲ. ಅವತ್ತು ಮೊದಲ ಸಲ ಕಾಕಾನಿಗಾಗಿ ಅತ್ತೆ. ಇಡೀ ಸಿನಿಮಾಕ್ಕೆ ಹತ್ತಕ್ಕೆ ಎರಡು ಮಾರ್ಕ್ಸ್ ಕೊಡಬಹುದು. ಆ ದೃಶ್ಯಕ್ಕೆ ಮಾರ್ಕ್ಸ್ ಕೊಡೋಕೆ ನನಗೆ ಬರಲ್ಲ.

26:00 | ಹಾಗಾದ್ರೆ ಬಾಕಿ ಏನು?

ನನಗೆ ಈಗ ಅನ್ನಿಸೋದು ಇಷ್ಟು. ನಮ್ಮ ದೆವ್ವದ ಸಿನಿಮಾ ಕೇಳೋ ಪ್ರಶ್ನೆ: "ಸತ್ತವರಿಗೆ ನಾವು ಏನು ಬಾಕಿ ಉಳಿಸ್ಕೊಂಡಿದ್ದೀವಿ?" ಎದ್ದ ಹೆಣದ ಸಿನಿಮಾ ಕೇಳೋ ಪ್ರಶ್ನೆ ಬೇರೆ: "ಪ್ರೀತಿಸಿದವರ ಮೈಗೆ ನಾವು ಯಾಕೆ ಹೆದರ್ತೀವಿ?" ಈ ಎರಡನೇ ಪ್ರಶ್ನೆ ಕೇಳೋ ಧೈರ್ಯ ಇರೋದ್ರಿಂದಲೇ ಅವುಗಳ ಡಬ್ಬಿಂಗ್, ಆಟಿಕೆ ಹಡಗು, ಹಸಿರು ಬಣ್ಣ ಎಲ್ಲವನ್ನೂ ನಾನು ಸಹಿಸಿಕೊಳ್ತೀನಿ. ಹೆಣ್ಣುಮಕ್ಕಳ ಮೇಲಿನ, ಬಡವರ ಮೇಲಿನ ಅವುಗಳ ಕೆಟ್ಟ ನೋಟವನ್ನ ಮಾತ್ರ ಸಹಿಸಲ್ಲ.

ಹೆದರಿಕೆ ಕಳೆಯೋಕೆ ನಮ್ಮ ಜಿಲ್ಲೆಯಲ್ಲೇ ಒಂದು ಬೇರೆ ದಾರಿ ಹುಡುಕಿದವರಿದ್ದಾರೆ. 2014ರ ಡಿಸೆಂಬರ್ 6ರಂದು, ಆಗ ಸಚಿವರಾಗಿದ್ದ ಗೋಕಾಕದ ಸತೀಶ ಜಾರಕಿಹೊಳಿ ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಊಟ ಮಾಡಿ ಅಲ್ಲೇ ರಾತ್ರಿ ಕಳೆದಿದ್ರು. ಮೂಢನಂಬಿಕೆ ವಿರುದ್ಧದ ಕಾರ್ಯಕ್ರಮ ಅದು, ಮುಂದಿನ ವರ್ಷಗಳಲ್ಲೂ ನಡೀತು. ರಾಜಕೀಯ, ಪಕ್ಷ ಪಕ್ಕಕ್ಕಿಡಿ. ನೂರಾರು ಜನ ಸ್ಮಶಾನದಲ್ಲಿ ಕೂತು ಊಟ ಮಾಡಿದ್ರು, ಬೆಳಗಾಯ್ತು, ಯಾರೂ ಏಳಲಿಲ್ಲ. ಹಾರರ್ ಸಿನಿಮಾ ನೋಡೋನಿಗೂ ಆ ಬೆಳಗು ಗೊತ್ತಿರಬೇಕು. ಪರದೆ ಮೇಲೆ ಹೆದರೋದು ಆಟ. ಪರದೆಯ ಆಚೆ ಆ ಹೆದರಿಕೆ ಇಟ್ಕೊಂಡು ಯಾರನ್ನೋ ಮಾಟಗಾತಿ ಅನ್ನೋದು, ರೋಗಿಯನ್ನ ಮನೆಯಿಂದ ಹೊರಗೆ ಹಾಕೋದು ಆಟ ಅಲ್ಲ.

ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ: ಮೊದಲು "ನೊಸ್ಫೆರಾಟು". ಮಾತಿಲ್ಲ, ಹಾಗಾಗಿ ಭಾಷೆಯ ತೊಂದರೆ ಕಡಿಮೆ, ರಕ್ತಪಾತವೂ ಇಲ್ಲ. ಆಮೇಲೆ ಗ್ರಾವ್‌ನ ಹೊಲದ ಸಿನಿಮಾ, ಹಿಂಸೆ ಇದೆ, 18 ದಾಟಿದವರಿಗೆ ಮಾತ್ರ. ಒಸ್ಸೋರಿಯೊದ್ದು ನೋಡೋದಾದ್ರೆ ನಾನು ಹೇಳಿದ ಎಚ್ಚರಿಕೆ ನೆನಪಿರಲಿ. ಇಯರ್‌ಫೋನ್ ಹಾಕ್ಕೊಂಡೇ ನೋಡಿ, ಅದು ಕಿವಿಯ ಸಿನಿಮಾ. "ಜೊಂಬಿ ಲೇಕ್" ಬ್ಯಾಡ್ರಿ. ಅದು ನನಗೆ, ನಮ್ಮ ಕಾಕಾಗೆ ಇರ್ಲಿ.

ಮೂಡಲಗಿ ತಮ್ಮಾ, ನೀನು ನಕ್ಕಿದ್ದು ಸರಿ. ಹುಕ್ಕೇರಿ ತಂಗೀ, ನೀನು ಹೆದರಿದ್ದೂ ಸರಿ. ಮುಂದಿನ ಸಂಚಿಕೆಗೆ ನಿಮ್ಮೆಲ್ಲರಿಂದ ಒಂದು ವಾಯ್ಸ್ ಮೆಸೇಜ್ ಬೇಕು: ನಿಮ್ಮ ಮನೆಯಲ್ಲಿ ಹಿರಿಯರು ಹೇಳಿದ ದೆವ್ವದ ಕಥೆ ಯಾವುದು, ಅದರ ತಕರಾರು ಏನಾಗಿತ್ತು? ಒಂದು ನಿಮಿಷದೊಳಗೆ ಹೇಳಿ ಕಳಿಸಿ. ಹೇಳಿದ ಹಿರಿಯರು ಇನ್ನೂ ಇದ್ರೆ, ಅವರ ದನಿಯಲ್ಲೇ ಕಳಿಸಿ. ಆ ದನಿ ಫೋನಿನಲ್ಲಿ ಉಳಿದಿರ್ಲಿ.

ಬರ್ತೀನ್ರಿ. ಮೋಟರ್ ಹತ್ತಿರ ಕೂತವರು, ಕರೆಂಟ್ ಬಂತೇನು ನೋಡ್ಕೊಳ್ಳಿ.